ರೂಟ್ ಸಿಗದೆ ನಿಂತುಬಿಟ್ಟ ಲಿನಕ್ಸ್: ಫಾರ್ಮ್ಯಾಟ್ ಹೊಡೆಯುವ ಮುಂಚೆ ಪರದೆ ಓದಿ

ಮಶೀನ್ ಆನ್ ಮಾಡುತ್ತೀರಿ. ಕಂಪನಿ ಲೋಗೋ ಬರುತ್ತದೆ, ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಂ ಗ್ರಬ್, ಅದರ ಮೆನು ಬರುತ್ತದೆ. ಆಮೇಲೆ ಕಪ್ಪು ಪರದೆಯಲ್ಲಿ ಬಿಳಿ ಅಕ್ಷರಗಳು ಸರಸರ ಓಡಿ ಒಂದು ಕಡೆ ನಿಂತುಬಿಡುತ್ತವೆ. ಕೆಳಗೆ, ರೂಟ್ (ಇಡೀ ಸಿಸ್ಟಂ ಕೂತಿರುವ ಡಿಸ್ಕಿನ ಭಾಗ) ತೆರೆಯಲು ಆಗಲಿಲ್ಲ ಅನ್ನುವ ಇಂಥ ಸಾಲು ಕಾಣುತ್ತದೆ:

ಕರ್ನಲ್ ಪ್ಯಾನಿಕ್ - ನಾಟ್ ಸಿಂಕಿಂಗ್: ವಿಎಫ್‌ಎಸ್: ಅನ್‌ಏಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)

ದಾವಣಗೆರೆಯ ಡಿಟಿಪಿ ಅಂಗಡಿಗಳು, ಎಪಿಎಂಸಿ ಯಾರ್ಡಿನ ದಲ್ಲಾಳಿ ಮಂಡಿಗಳು, ಚಿತ್ರದುರ್ಗದ ಕಡೆಯ ಕಾಲೇಜು ಲ್ಯಾಬುಗಳು, ಎಲ್ಲ ಕಡೆಯಿಂದಲೂ ನನ್ನ ಫೋನಿಗೆ ಈ ಸಾಲಿನ ಫೋಟೋ ಬರುತ್ತಿರುತ್ತದೆ. ಜೊತೆಗೆ ಒಂದೇ ಪ್ರಶ್ನೆ: "ಅಣ್ಣಾ, ಡಿಸ್ಕ್ ಹೋತೇನು? ಫಾರ್ಮ್ಯಾಟ್ ಹೊಡೆದುಬಿಡ್ಲಾ?"

ಬೇಡ. ಈ ಸಾಲು ಬಂದಾಗ ಬಹಳ ಸಲ ನಿಮ್ಮ ಫೈಲುಗಳೆಲ್ಲ ಇದ್ದಲ್ಲೇ ಇರುತ್ತವೆ. ಲಗ್ನಪತ್ರಿಕೆಯ ಡಿಸೈನ್, ರೈತರ ಲೆಕ್ಕದ ಖಾತೆ, ಮಕ್ಕಳ ಪ್ರಾಜೆಕ್ಟ್, ಯಾವುದಕ್ಕೂ ಏನೂ ಆಗಿರುವುದಿಲ್ಲ. ಅವುಗಳ ಹತ್ತಿರ ಹೋಗುವ ದಾರಿ ಮಾತ್ರ ಕಡಿದಿರುತ್ತದೆ. ದಾರಿ ಎಲ್ಲಿ ಕಡಿದಿದೆ ಅನ್ನುವುದನ್ನು ಲಿನಕ್ಸಿನ ತಿರುಳಾದ ಕರ್ನಲ್ ತಾನೇ ಪರದೆಯ ಮೇಲೆ ಬರೆದಿರುತ್ತದೆ. ಅದನ್ನು ಓದುವುದು ಹೇಗೆ, ಓದಿದ ಮೇಲೆ ಏನು ಮಾಡಬೇಕು ಅನ್ನುವುದು ಇಲ್ಲಿದೆ.

ಕಮಾಂಡುಗಳನ್ನೂ ಪರದೆಯ ಸಾಲುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ. ಉದಾಹರಣೆಗಳಲ್ಲಿ ರೂಟ್ ಇರುವುದು /ಡೆವ್/ಎಸ್‌ಡಿಎ2 ಅಂತ ಇಟ್ಟುಕೊಂಡಿದ್ದೇನೆ. ನಿಮ್ಮದು ಬೇರೆ ಇರಬಹುದು.

ಗ್ರಬ್ ಬಂತು, ಆದರೂ ಡಿಸ್ಕ್ ಸಿಗಲಿಲ್ಲ ಯಾಕೆ?

ಇದು ಎಲ್ಲರೂ ಕೇಳುವ ಪ್ರಶ್ನೆ. ಗ್ರಬ್ ಮೆನು ಇರುವುದೇ ಡಿಸ್ಕಿನಲ್ಲಿ. ಅದು ಬಂತು ಅಂದಮೇಲೆ ಡಿಸ್ಕ್ ಓದಲು ಆಗುತ್ತಿದೆ ಅಂತಾಯಿತು. ಹಾಗಿದ್ದ ಮೇಲೆ ಕರ್ನಲ್‌ಗೆ ಏನು ತೊಂದರೆ?

ಗ್ರಬ್ ಸಾಮಾನ್ಯವಾಗಿ ಡಿಸ್ಕ್ ಓದುವುದು ಮದರ್‌ಬೋರ್ಡಿನ ಫರ್ಮ್‌ವೇರ್ ಸಹಾಯದಿಂದ, ಅಂದರೆ ಬಯೋಸ್ ಅಥವಾ ಯುಇಎಫ್‌ಐ ಮೂಲಕ. ಅದು ಡಿಸ್ಕಿನಿಂದ ಎರಡು ಫೈಲುಗಳನ್ನು ಓದಿ ಮೆಮೊರಿಗೆ ಹಾಕುತ್ತದೆ. ಒಂದು ಕರ್ನಲ್, ವಿಎಂಲಿನಜ್ ಅಂತ ಅದರ ಹೆಸರು. ಇನ್ನೊಂದು ಇನಿಟ್‌ಆರ್‌ಡಿ ಅನ್ನುವ ಹೆಸರಿನ ಗಂಟು. ಜೊತೆಗೆ ಒಂದು ಸಾಲಿನ ಸೂಚನೆಯನ್ನೂ ಕೊಡುತ್ತದೆ. ಆ ಸೂಚನೆಯಲ್ಲಿ "ರೂಟ್=" ಅನ್ನುವ ಭಾಗ ಇರುತ್ತದೆ. ನಿನ್ನ ಮನೆ ಈ ಪಾರ್ಟಿಶನ್‌ನಲ್ಲಿದೆ, ಹುಡುಕಿಕೋ ಅಂತ ಹೇಳುವುದು ಅದೇ. ಇಷ್ಟು ಕೊಟ್ಟು ಗ್ರಬ್ ಪಕ್ಕಕ್ಕೆ ಸರಿಯುತ್ತದೆ.

ಇಲ್ಲಿಂದ ಮುಂದೆ ಕರ್ನಲ್ ಡಿಸ್ಕಿಗಾಗಿ ಫರ್ಮ್‌ವೇರನ್ನು ಕೇಳುವುದಿಲ್ಲ. ತನ್ನ ಡ್ರೈವರ್‌ನಿಂದಲೇ ಓದಬೇಕು. ಸಾಟಾ ಡಿಸ್ಕಿಗೆ ಎಎಚ್‌ಸಿಐ ಡ್ರೈವರ್, ಎನ್‌ವಿಎಂಇ ಎಸ್‌ಎಸ್‌ಡಿಗೆ ಅದರದ್ದೇ ಡ್ರೈವರ್. ಉಬುಂಟು, ಡೆಬಿಯನ್, ಫೆಡೋರಾದಂಥ ವಿತರಣೆಗಳು ಸಾವಿರಾರು ಬಗೆಯ ಮಶೀನುಗಳಲ್ಲಿ ಓಡಬೇಕು. ಎಲ್ಲ ಡ್ರೈವರ್‌ಗಳನ್ನೂ ಕರ್ನಲ್ ಒಳಗೇ ತುಂಬಿದರೆ ಅದು ಊದಿಕೊಳ್ಳುತ್ತದೆ. ಹಾಗಾಗಿ ಬಹಳಷ್ಟನ್ನು ಮಾಡ್ಯೂಲ್ ಅಂತ ಬೇರೆ ಫೈಲುಗಳಾಗಿ ಇಡುತ್ತಾರೆ. ಆ ಮಾಡ್ಯೂಲುಗಳು ಇರುವುದು ರೂಟ್ ಫೈಲ್‌ಸಿಸ್ಟಂನಲ್ಲಿ. ಅಂದರೆ ಬೀಗದ ಕೈ ಮನೆಯೊಳಗೇ ಉಳಿದು ಬಾಗಿಲು ಹಾಕಿಕೊಂಡ ಹಾಗಾಯಿತು.

ಈ ಸಿಕ್ಕು ಬಿಡಿಸಲೆಂದೇ ಆ ಇನಿಟ್‌ಆರ್‌ಡಿ ಗಂಟು ಇದೆ. ಅದರ ಒಳಗಿರುವುದು ಇನಿಟ್‌ರಾಮ್‌ಎಫ್‌ಎಸ್, ಸಿಪಿಐಒ ಮಾದರಿಯಲ್ಲಿ ಕಟ್ಟಿದ ಪುಟ್ಟ ಫೈಲ್‌ಸಿಸ್ಟಂ. ಕರ್ನಲ್ ಅದನ್ನು ಮೆಮೊರಿಯಲ್ಲೇ ಬಿಚ್ಚುತ್ತದೆ. ಒಳಗೆ /ಇನಿಟ್ ಎಂಬ ಪ್ರೋಗ್ರಾಂ ಇದ್ದರೆ ಓಡಿಸುತ್ತದೆ. ಅದು ಬೇಕಾದ ಮಾಡ್ಯೂಲ್ ಹಾಕಿ, ಡಿಸ್ಕ್ ಕಾಣುವವರೆಗೆ ಕಾದು, ಯುಯುಐಡಿ ಅನ್ನುವ ಗುರುತಿನ ಸಂಖ್ಯೆ ನೋಡಿ ಸರಿಯಾದ ಪಾರ್ಟಿಶನ್ ಹುಡುಕಿ, ಮೌಂಟ್ ಮಾಡುತ್ತದೆ, ಅಂದರೆ ತೆರೆದು ಬಳಕೆಗೆ ತರುತ್ತದೆ. ಉಬುಂಟು, ಡೆಬಿಯನ್‌ಗಳಲ್ಲಿ ಮೊದಲು ಓದಲು ಮಾತ್ರ ಬರುವ ಹಾಗೆ ಮೌಂಟ್ ಮಾಡಿ, ಬರೆಯುವ ಅನುಮತಿಯನ್ನು ಆಮೇಲೆ ಸಿಸ್ಟಂಡಿ (ಉಳಿದ ಸಿಸ್ಟಂ ಎಬ್ಬಿಸುವ ಪ್ರೋಗ್ರಾಂ) ಕೊಡುತ್ತದೆ. ಕೊನೆಗೆ /ಇನಿಟ್ ತಾನು ನಿಂತಿದ್ದ ಮೆಮೊರಿ ರೂಟನ್ನು ಖಾಲಿ ಮಾಡಿ, ನಿಜವಾದ ರೂಟಿಗೆ ಜಾಗ ಬಿಟ್ಟುಕೊಡುತ್ತದೆ.

/ಇನಿಟ್ ಸಿಗದಿದ್ದರೆ ಕರ್ನಲ್ ಈ ಕೆಲಸವನ್ನು ತಾನೇ ಮಾಡಲು ಹೊರಡುತ್ತದೆ. ಆದರೆ ಅದಕ್ಕೆ ಗೊತ್ತಿರುವ ವಿಳಾಸಗಳು ಕಡಿಮೆ. /ಡೆವ್/ಎಸ್‌ಡಿಎ2 ಅಂದರೆ ಗೊತ್ತು, 8:2 ಅಂದರೆ ಗೊತ್ತು, ಪಾರ್ಟ್‌ಯುಯುಐಡಿ ಅಂದರೂ ಗೊತ್ತು. ಬರೀ ಯುಯುಐಡಿ ಅಂದರೆ ಗೊತ್ತಿಲ್ಲ! ಪಾರ್ಟ್‌ಯುಯುಐಡಿ ಇರುವುದು ಪಾರ್ಟಿಶನ್ ಟೇಬಲ್ಲಿನಲ್ಲಿ, ಅದನ್ನು ಕರ್ನಲ್ ಓದುತ್ತದೆ. ಯುಯುಐಡಿ ಇರುವುದು ಫೈಲ್‌ಸಿಸ್ಟಂ ಒಳಗೆ, ಅದನ್ನು ಹುಡುಕುವುದು ಇನಿಟ್‌ರಾಮ್‌ಎಫ್‌ಎಸ್ ಕೆಲಸ. ಇದೊಂದು ವ್ಯತ್ಯಾಸ ತಲೆಯಲ್ಲಿದ್ದರೆ ಅರ್ಧ ದೋಷ ಕೂತಲ್ಲೇ ಗೊತ್ತಾಗುತ್ತದೆ.

ಪರದೆಯಲ್ಲಿ ಏನು ನೋಡಬೇಕು

ಕೊನೆಯ ಸಾಲಿಗಿಂತ ಅದರ ಮೇಲಿನ ಹತ್ತು ಹದಿನೈದು ಸಾಲುಗಳು ಮುಖ್ಯ. ಅವು ಓಡಿಹೋದರೆ ಫೋನಿನಲ್ಲಿ ವಿಡಿಯೋ ಮಾಡಿ, ನಿಧಾನಕ್ಕೆ ಬಿಟ್ಟು ನೋಡಿ. ಅಕ್ಷರವೇ ಬರದೆ ಬರೀ ಲೋಗೋ ನಿಂತಿದ್ದರೆ ಗ್ರಬ್ ಮೆನುವಿನಲ್ಲಿ "ಇ" ಅಕ್ಷರ ಒತ್ತಿ. "ಲಿನಕ್ಸ್" ಎಂದು ಶುರುವಾಗುವ ಸಾಲಿನಲ್ಲಿ "ಕ್ವೈಟ್ ಸ್ಪ್ಲಾಶ್" ಅಳಿಸಿ, ಕಂಟ್ರೋಲ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ, ಹೆದರಬೇಡಿ. ಮೆನುವೇ ಕಾಣದಿದ್ದರೆ ಹಳೇ ಬಯೋಸ್ ಮಶೀನಿನಲ್ಲಿ ಶಿಫ್ಟ್ ಹಿಡಿದುಕೊಳ್ಳಿ, ಯುಇಎಫ್‌ಐ ಇದ್ದರೆ ಎಸ್ಕೇಪ್ ಒತ್ತಿ.

ಈಗ ಬ್ರಾಕೆಟ್ಟಿನ ಆ ಎರಡು ಅಂಕಿ. ಮೊದಲನೆಯದು ಡ್ರೈವರ್ ಯಾವುದು ಅಂತ ಹೇಳುತ್ತದೆ, ಎರಡನೆಯದು ಆ ಡ್ರೈವರ್ ಕೈಕೆಳಗಿನ ಯಾವ ಡಿಸ್ಕ್, ಯಾವ ಪಾರ್ಟಿಶನ್ ಅಂತ. 8 ಅಂದರೆ ಸಾಟಾ ಅಥವಾ ಯುಎಸ್‌ಬಿ ಡಿಸ್ಕ್. ಒಂದೊಂದು ಡಿಸ್ಕಿಗೆ 16 ಸಂಖ್ಯೆ ಮೀಸಲು. ಹಾಗಾಗಿ (8,2) ಅಂದರೆ ಎಸ್‌ಡಿಎ2, (8,17) ಅಂದರೆ ಎಸ್‌ಡಿಬಿ1. 179 ಅಂದರೆ ಮೆಮೊರಿ ಕಾರ್ಡ್. ಎನ್‌ವಿಎಂಇ ಪಾರ್ಟಿಶನ್‌ಗಳು 259ರಲ್ಲಿ ಬರುತ್ತವೆ.

(0,0) ಅಂದರೆ ವಿಳಾಸವೇ ಅರ್ಥವಾಗಲಿಲ್ಲ, ಅಥವಾ ಆ ಹೆಸರಿನ ಡಿಸ್ಕೇ ಕಾಣಲಿಲ್ಲ. (8,2) ಥರ ಬಂದರೆ ಕರ್ನಲ್ ಆ ಪಾರ್ಟಿಶನ್‌ವರೆಗೆ ಹೋಗಿದೆ, ಒಳಗಿರುವುದನ್ನು ಮೌಂಟ್ ಮಾಡಲು ಆಗಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ.

ಪ್ಯಾನಿಕ್ ಸಾಲಿನ ಮೇಲೆ ಸಾಮಾನ್ಯವಾಗಿ "ಹಿಯರ್ ಆರ್ ದಿ ಅವೈಲಬಲ್ ಪಾರ್ಟಿಶನ್ಸ್" ಅಂತ ಇರುತ್ತದೆ. ಅದರ ಕೆಳಗೆ ಕರ್ನಲ್ ತನಗೆ ಕಂಡ ಡಿಸ್ಕುಗಳನ್ನು ಪಟ್ಟಿ ಮಾಡಿರುತ್ತದೆ. ಅಲ್ಲಿ ಸಂಖ್ಯೆ ಹದಿನಾರರ ಲೆಕ್ಕದಲ್ಲಿರುತ್ತದೆ: 0802 ಅಂದರೆ 8,2. ಈ ಪಟ್ಟಿಯಲ್ಲಿ ನಿಮ್ಮ ಡಿಸ್ಕ್ ಇದೆಯಾ? ಇದ್ದರೆ ಡ್ರೈವರ್ ಸರಿ ಇದೆ, ವಿಳಾಸ ತಪ್ಪಿದೆ. ಪಟ್ಟಿ ಖಾಲಿ, ಅಥವಾ ಡಿವಿಡಿ ಡ್ರೈವಿನ ಎಸ್‌ಆರ್0 ಒಂದೇ ಇದೆ ಅಂದರೆ ಡ್ರೈವರ್ ಇಲ್ಲ, ಇಲ್ಲವೇ ಕೇಬಲ್ ಕಡೆಯ ಸಮಸ್ಯೆ. ಫೋಟೋ ಕಳಿಸುವವರು ಈ ಪಟ್ಟಿಯನ್ನು ಬಿಟ್ಟು ಕೆಳಗಿನ ಸಾಲು ಮಾತ್ರ ಕಳಿಸುತ್ತಾರೆ. ದಯವಿಟ್ಟು ಪೂರ್ತಿ ಪರದೆ ತೆಗೆಯಿರಿ.

(0,0): ಗಂಟು ಬಂದೇ ಇಲ್ಲ

ನಮ್ಮ ಕಡೆ ನಾನು ಜಾಸ್ತಿ ನೋಡಿರುವುದು ಇದೇ. ನಡೆಯುವುದು ಹೀಗೆ. ಅಂಗಡಿಯ ಮಶೀನಿನಲ್ಲಿ ಅಪ್‌ಡೇಟ್ ಓಡುತ್ತಿರುತ್ತದೆ, ಹೊಸ ಕರ್ನಲ್ ಬಂದಿರುತ್ತದೆ. ವಿಎಂಲಿನಜ್ ಫೈಲ್ ಬರೆದು ಮುಗಿದಿರುತ್ತದೆ. ಇನಿಟ್‌ರಾಮ್‌ಎಫ್‌ಎಸ್ ಕಟ್ಟುವ ಕೆಲಸ ಅದರ ನಂತರದ್ದು, ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ಹೊತ್ತಿಗೆ ಕರೆಂಟ್ ಹೋಗುತ್ತದೆ. ಯುಪಿಎಸ್ ಬ್ಯಾಟರಿ ಹಳೆಯದಾಗಿ ಕೂಗಿಕೊಂಡು ಆಫ್ ಆಗುತ್ತದೆ. ಬೇಸಿಗೆಯಲ್ಲಿ, ಲಗ್ನದ ಸೀಸನ್ನಿನಲ್ಲಿ ಮಂಡಿಪೇಟೆಯ ಯಾವ ಡಿಟಿಪಿ ಅಂಗಡಿಯಲ್ಲಾದರೂ ಇದು ಆಗಬಹುದು.

ಇನ್ನೊಂದು ದಾರಿ ಇನ್ನೂ ಸದ್ದಿಲ್ಲದ್ದು. ಕರ್ನಲ್, ಗಂಟು ಎರಡೂ ಇರುವ /ಬೂಟ್ ಫೋಲ್ಡರ್ ಬೇರೆ ಪಾರ್ಟಿಶನ್ ಆಗಿದ್ದರೆ ಅದು ಚಿಕ್ಕದಾಗಿರುತ್ತದೆ. ಎಲ್‌ವಿಎಂ (ಡಿಸ್ಕಿನ ಜಾಗವನ್ನು ಬೇಕಾದ ಹಾಗೆ ಹಂಚುವ ವ್ಯವಸ್ಥೆ) ಮತ್ತು ಪಾಸ್‌ವರ್ಡ್ ಬೀಗ ಹಾಕಿ ಉಬುಂಟು ಇನ್‌ಸ್ಟಾಲ್ ಮಾಡಿದಾಗ ಹಾಗೆ ಬೇರೆ ಮಾಡುತ್ತದೆ. ಹಳೇ ಕರ್ನಲ್‌ಗಳು ಅಲ್ಲೇ ಕೂತು ಜಾಗ ತುಂಬುತ್ತವೆ. ಹೊಸ ಗಂಟು ಕಟ್ಟುವಾಗ "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಅಂತ ಒಂದು ಸಾಲು ಬಂದು ಹೋಗುತ್ತದೆ. ಅಂಗಡಿಯಲ್ಲಿ ಅದನ್ನು ಯಾರು ನೋಡುತ್ತಾರೆ? ಮಾರನೇ ದಿನ ಆನ್ ಮಾಡಿದಾಗ ಪ್ಯಾನಿಕ್.

ಖಚಿತ ಮಾಡಿಕೊಳ್ಳುವುದು ಸುಲಭ. ಗ್ರಬ್ ಮೆನುವಿನಲ್ಲಿ "ಇ" ಒತ್ತಿ. "ಲಿನಕ್ಸ್" ಸಾಲಿನ ಕೆಳಗೆ "ಇನಿಟ್‌ಆರ್‌ಡಿ" ಸಾಲು ಇರಬೇಕು. ಅದೇ ಇಲ್ಲದಿದ್ದರೆ ಕಾರಣ ಸಿಕ್ಕಿತು. ಕರ್ನಲ್‌ಗೆ ಗಂಟು ಬಂದಿಲ್ಲ, ಕೈಯಲ್ಲಿರುವುದು ಯುಯುಐಡಿ ವಿಳಾಸ, ಅದು ಅದಕ್ಕೆ ಓದಲು ಬರುವುದಿಲ್ಲ. ಸಾಲು ಇದ್ದೂ ಫೈಲ್ ಅರ್ಧಕ್ಕೆ ನಿಂತಿದ್ದರೆ, ಇನಿಟ್‌ರಾಮ್‌ಎಫ್‌ಎಸ್ ಬಿಚ್ಚಲು ಆಗಲಿಲ್ಲ ಅನ್ನುವ ಅರ್ಥದ ಸಾಲು ಮೇಲೆಲ್ಲೋ ಇರುತ್ತದೆ.

ಪರಿಹಾರಕ್ಕೆ ಪೆನ್‌ಡ್ರೈವ್ ಹುಡುಕಬೇಡಿ. ಮೊದಲು ಗ್ರಬ್‌ನಲ್ಲಿ "ಅಡ್ವಾನ್ಸ್‌ಡ್ ಆಪ್ಶನ್ಸ್" ಒಳಗೆ ಹೋಗಿ ಹಿಂದಿನ ಕರ್ನಲ್ ಆರಿಸಿ. ಅದರ ಗಂಟು ಸಾಮಾನ್ಯವಾಗಿ ಸರಿಯಾಗಿರುತ್ತದೆ, ಮಶೀನ್ ಎದ್ದುಬಿಡುತ್ತದೆ. ಎದ್ದ ಮೇಲೆ ಟರ್ಮಿನಲ್ ತೆಗೆದು "ಡಿಎಫ್ -ಎಚ್ /ಬೂಟ್" ಕೊಟ್ಟು ಜಾಗ ನೋಡಿ. ತುಂಬಿದ್ದರೆ "ಸುಡೋ ಆಪ್ಟ್ ಆಟೋರಿಮೂವ್ --ಪರ್ಜ್". ಜಾಗವೇ ಇಲ್ಲದೆ ಆಪ್ಟ್ ಕೂಡ ನಿಂತರೆ, ಎಲ್ಲಕ್ಕಿಂತ ಹಳೇ ಕರ್ನಲ್‌ನ ಇನಿಟ್‌ಆರ್‌ಡಿ ಫೈಲನ್ನು ಹೋಂ ಫೋಲ್ಡರಿಗೆ ಸರಿಸಿ ಜಾಗ ಮಾಡಿಕೊಳ್ಳಿ. ಈಗ ಓಡುತ್ತಿರುವ ಕರ್ನಲ್ ಯಾವುದು ಅಂತ "ಯುನೇಮ್ -ಆರ್" ಹೇಳುತ್ತದೆ, ಅದನ್ನು ಮಾತ್ರ ಮುಟ್ಟಬೇಡಿ.

ಜಾಗ ಆದಮೇಲೆ "ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ". ಅರ್ಧಕ್ಕೆ ನಿಂತ ಅಪ್‌ಡೇಟನ್ನು ಇದು ಮುಗಿಸುತ್ತದೆ, ಬಹುತೇಕ ಸಲ ಗಂಟನ್ನೂ ಕಟ್ಟುತ್ತದೆ. ಕಟ್ಟದಿದ್ದರೆ "ಸುಡೋ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಸಿ -ಕೆ" ಬರೆದು ಮುಂದೆ ಹೊಸ ಕರ್ನಲ್‌ನ ಆವೃತ್ತಿ ಸಂಖ್ಯೆ ಕೊಡಿ. ಕೊನೆಗೆ "ಸುಡೋ ಅಪ್‌ಡೇಟ್-ಗ್ರಬ್". ಅದು ಓಡುವಾಗ ಪ್ರತಿ ವಿಎಂಲಿನಜ್ ಜೊತೆಗೆ ಒಂದು ಇನಿಟ್‌ಆರ್‌ಡಿ ಹೆಸರು ಬರಬೇಕು. ಜೋಡಿ ತಪ್ಪಿದ್ದರೆ ರೀಬೂಟ್ ಮಾಡಬೇಡಿ.

ಡಿಸ್ಕಿಗಾಗಿ ಕಾದು ಸೋತ ಇನಿಟ್‌ರಾಮ್‌ಎಫ್‌ಎಸ್

ಇನ್ನೊಂದು ಬಗೆಯಲ್ಲಿ ಪ್ಯಾನಿಕ್ಕೇ ಇರುವುದಿಲ್ಲ. ಸುಮಾರು ಅರ್ಧ ನಿಮಿಷ ಸುಮ್ನೆ ಕಾದು, "ಗೇವ್ ಅಪ್ ವೇಟಿಂಗ್ ಫಾರ್ ರೂಟ್" ಅಂತ ಶುರುವಾಗುವ ಸಾಲು ಬರುತ್ತದೆ. "ಅಲರ್ಟ್! ಯುಯುಐಡಿ... ಡಸ್ ನಾಟ್ ಎಕ್ಸಿಸ್ಟ್" ಅಂತ ಇನ್ನೊಂದು. ಆಮೇಲೆ ಇನಿಟ್‌ರಾಮ್‌ಎಫ್‌ಎಸ್ ಹೆಸರಿನ ಪ್ರಾಂಪ್ಟ್ ಬಂದು ಕರ್ಸರ್ ಮಿನುಗುತ್ತದೆ. ಇದು ಒಳ್ಳೆಯ ಸ್ಥಿತಿ. ಕೈಯಲ್ಲಿ ಬ್ಯುಸಿಬಾಕ್ಸ್ ಅನ್ನುವ ಪುಟ್ಟ ಶೆಲ್ ಇದೆ, ಒಳಗಿನಿಂದಲೇ ನೋಡಬಹುದು.

ಮೂರು ಕಮಾಂಡು ಸಾಕು. "ಕ್ಯಾಟ್ /ಪ್ರಾಕ್/ಸಿಎಂಡಿಲೈನ್" ಕೊಟ್ಟರೆ ಯಾವ ರೂಟ್ ಹುಡುಕಲು ಹೇಳಿದ್ದರು ಅಂತ ಕಾಣುತ್ತದೆ. "ಕ್ಯಾಟ್ /ಪ್ರಾಕ್/ಪಾರ್ಟಿಶನ್ಸ್" ಕೊಟ್ಟರೆ ಕರ್ನಲ್‌ಗೆ ಕಂಡ ಡಿಸ್ಕುಗಳು. "ಬಿಎಲ್‌ಕೆಐಡಿ" ಕೊಟ್ಟರೆ ಯಾವ ಪಾರ್ಟಿಶನ್‌ಗೆ ಯಾವ ಯುಯುಐಡಿ ಅಂತ. ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಡಿಸ್ಕ್ ಕಾಣುತ್ತದೆ, ಕೇಳಿದ ಯುಯುಐಡಿ ಇಲ್ಲ ಅಂದರೆ ಯಾರೋ ಡಿಸ್ಕ್ ಬದಲಿಸಿರಬಹುದು. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವಾಗ ಹೊಸ ಪಾರ್ಟಿಶನ್ ಮಾಡಿ ಫೈಲುಗಳನ್ನು ನಕಲು ಮಾಡಿದರೆ ಯುಯುಐಡಿ ಹೊಸದಾಗುತ್ತದೆ. ಗ್ರಬ್ ಮಾತ್ರ ಹಳೆಯದನ್ನೇ ಕೇಳುತ್ತಿರುತ್ತದೆ. ಪೂರ್ತಿ ಡಿಸ್ಕನ್ನು ಡಿಡಿ ಮೂಲಕ ಹಾಗೇ ನಕಲು ಮಾಡಿದ್ದರೆ ಉಲ್ಟಾ ತೊಂದರೆ: ಎರಡೂ ಡಿಸ್ಕಿಗೆ ಒಂದೇ ಯುಯುಐಡಿ. ಎರಡನ್ನೂ ಹಾಕಿಕೊಂಡು ಬೂಟ್ ಮಾಡಿದರೆ ಯಾವುದು ಮೌಂಟ್ ಆಗುತ್ತದೆ ಅಂತ ಹೇಳಲು ಬರುವುದಿಲ್ಲ. ಹಳೆಯದನ್ನು ಬಿಚ್ಚಿಡಿ.

ಡಿಸ್ಕೇ ಕಾಣದಿದ್ದರೆ ಇನ್ನೊಂದು ಕೆಲಸ ಮಾಡಿ. "ಡೇಟ್" ಅಂತ ಟೈಪ್ ಮಾಡಿ. ಎಷ್ಟೋ ವರ್ಷ ಹಿಂದಿನ ತಾರೀಖು ಬಂತಾ? ಹಾಗಾದರೆ ಮದರ್‌ಬೋರ್ಡಿನ ಸೆಲ್ ಸತ್ತಿದೆ. ಸಿಆರ್2032 ಅನ್ನುವ ನಾಣ್ಯದಂಥ 3 ವೋಲ್ಟ್ ಸೆಲ್ ಅದು. ಸೆಲ್ ಸತ್ತು, ಪ್ಲಗ್ಗಿನ ಕರೆಂಟೂ ಪೂರ್ತಿ ಹೋದಾಗ ಹಲವು ಬೋರ್ಡುಗಳಲ್ಲಿ ಬಯೋಸ್ ಸೆಟ್ಟಿಂಗುಗಳು ಕಂಪನಿ ಕೊಟ್ಟ ಸ್ಥಿತಿಗೆ ವಾಪಸಾಗುತ್ತವೆ. ಆಗ ಸಾಟಾ ಮೋಡ್ ಎಎಚ್‌ಸಿಐನಿಂದ ರೇಡ್‌ಗೆ ಹಾರಿರಬಹುದು. ಎನ್‌ವಿಎಂಇ ಇರುವ ಇಂಟೆಲ್ ಮಶೀನಿನಲ್ಲಿ ಇದು ಆದರೆ ಡಿಸ್ಕ್ ಕರ್ನಲ್ ಕಣ್ಣಿಗೆ ಮರೆಯಾಗುತ್ತದೆ. ಬೂಟ್ ಸಾಲುಗಳಲ್ಲಿ "ರೀಮ್ಯಾಪ್ಡ್ ಎನ್‌ವಿಎಂಇ ಡಿವೈಸಸ್" ಅನ್ನುವ ಮಾತು, ಬಯೋಸನ್ನು ರೇಡ್‌ನಿಂದ ಎಎಚ್‌ಸಿಐಗೆ ಬದಲಿಸಿ ಅನ್ನುವ ಸಲಹೆ, ಎರಡನ್ನೂ ಕರ್ನಲ್ಲೇ ಬರೆದಿರುತ್ತದೆ. ಬಯೋಸ್‌ಗೆ ಹೋಗಿ ಮೊದಲಿದ್ದ ಮೋಡಿಗೆ ತನ್ನಿ, ಸೆಲ್ ಬದಲಿಸಿ, ತಾರೀಖು ಸರಿಮಾಡಿ. ವಿಂಡೋಸ್ ಕೂಡ ಇರುವ ಮಶೀನಾದರೆ ಮೊದಲು ಯಾವ ಮೋಡ್ ಇತ್ತು ಅಂತ ಕೇಳಿಕೊಂಡೇ ಬದಲಿಸಿ. ತಪ್ಪು ಮೋಡಿನಲ್ಲಿ ವಿಂಡೋಸ್ ಏಳದೇ ಹೋಗಬಹುದು.

ಇಷ್ಟು ಸಣ್ಣ ಸೆಲ್ಲಿನಿಂದ ಇಡೀ ಡಿಸ್ಕ್ ಫಾರ್ಮ್ಯಾಟ್ ಆಗಿಹೋದ ಮಶೀನ್ ನೋಡಿದಾಗ ನಿಜವಾಗಿ ಸಂಕಟವಾಗುತ್ತದೆ. ಒಂದು ಮಂಡಿಯಲ್ಲಿ ಹೀಗಾಗಿ ರೈತರ ಬಾಕಿ ಲೆಕ್ಕವನ್ನೆಲ್ಲ ಕಾಗದದ ಚೀಟಿಗಳಿಂದ ಮತ್ತೆ ಏರಿಸಬೇಕಾಯಿತು.

ತಾರೀಖು ಸರಿ ಇದೆ, ಬಯೋಸಿನಲ್ಲೂ ಡಿಸ್ಕ್ ಕಾಣುತ್ತಿದೆ, ಆದರೆ ಪ್ರಾಂಪ್ಟಿನಲ್ಲಿ ಇಲ್ಲ. ಆಗ "ಮಾಡ್‌ಪ್ರೋಬ್ ಎಎಚ್‌ಸಿಐ" ಅಥವಾ "ಮಾಡ್‌ಪ್ರೋಬ್ ಎನ್‌ವಿಎಂಇ" ಕೊಟ್ಟು ನೋಡಿ. ಮಾಡ್ಯೂಲ್ ಸಿಗಲಿಲ್ಲ ಅಂದರೆ ಗಂಟಿನಲ್ಲಿ ಆ ಡ್ರೈವರ್ ಇಲ್ಲ. ಹಳೇ ಮಶೀನಿನ ಇನ್‌ಸ್ಟಾಲೇಶನ್ನನ್ನು ಹೊಸ ಮಶೀನಿಗೆ ಸಾಗಿಸಿದಾಗ ಹೀಗಾಗಬಹುದು. /ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್/ ಒಳಗಿನ ಕಾನ್ಫ್ ಫೈಲಿನಲ್ಲಿ ಮಾಡ್ಯೂಲ್ಸ್=ಡೆಪ್ ಅಂತ ಇದ್ದರೆ ಆ ಮಶೀನಿಗೆ ಬೇಕಾದ ಡ್ರೈವರ್ ಮಾತ್ರ ಸೇರುತ್ತವೆ. ಅದನ್ನು ಮೋಸ್ಟ್ ಅಂತ ಬದಲಿಸಿ ಗಂಟು ಮತ್ತೆ ಕಟ್ಟಿ. ಎಡಗಡೆಯ "ಮಾಡ್ಯೂಲ್ಸ್" ಪದ ದೊಡ್ಡಕ್ಷರದಲ್ಲಿರಬೇಕು. ಫೆಡೋರಾದಲ್ಲಿ ಗಂಟು ಕಟ್ಟುವುದು ಡ್ರಾಕಟ್, ಅದು ಮೊದಲೇ ಆ ಮಶೀನಿಗಷ್ಟೇ ಹೊಂದುವ ಹಾಗೆ ಕಟ್ಟುತ್ತದೆ. ಅಲ್ಲಿ ಗ್ರಬ್ ಮೆನುವಿನ "ರೆಸ್ಕ್ಯೂ" ಎಂಟ್ರಿ ಆರಿಸಿದರೆ ಎಲ್ಲ ಡ್ರೈವರ್ ಇರುವ ಗಂಟು ಸಿಗುತ್ತದೆ.

ಮಾಡ್‌ಪ್ರೋಬ್ ಆದಮೇಲೆ ಡಿಸ್ಕ್ ಕಂಡರೆ "ಎಕ್ಸಿಟ್" ಅಂತ ಟೈಪ್ ಮಾಡಿ. ಬೂಟ್ ಅಲ್ಲಿಂದಲೇ ಮುಂದುವರಿಯುತ್ತದೆ. ಏನೂ ಮಾಡದೆ ಬರೀ "ಎಕ್ಸಿಟ್" ಕೊಟ್ಟಾಗಲೇ ಎದ್ದುಬಿಟ್ಟರೆ ಡಿಸ್ಕ್ ಏಳಲು ತಡ ಮಾಡುತ್ತಿದೆ ಎಂದರ್ಥ. ಯುಎಸ್‌ಬಿ ಡಿಸ್ಕುಗಳಲ್ಲಿ ಇದು ಸಾಮಾನ್ಯ. ಗ್ರಬ್‌ನ "ಲಿನಕ್ಸ್" ಸಾಲಿನ ಕೊನೆಗೆ "ರೂಟ್‌ಡಿಲೇ=60" ಸೇರಿಸಿ. ಬೀಗ ಹಾಕಿದ ಡಿಸ್ಕ್ ಅಥವಾ ಎಲ್‌ವಿಎಂ ಇದ್ದು, ಬಿಎಲ್‌ಕೆಐಡಿಯಲ್ಲಿ "ಎಲ್‌ವಿಎಂ2_ಮೆಂಬರ್" ಅಂತ ಕಂಡರೆ "ಎಲ್‌ವಿಎಂ ವಿಜಿಚೇಂಜ್ -ಎವೈ" ಕೊಟ್ಟು ನೋಡಿ.

ಡಿಸ್ಕ್ ಸಿಕ್ಕಿತು, ಒಳಗೆ ಹೋಗಲು ಆಗಲಿಲ್ಲ

"ರನ್ ಎಫ್‌ಎಸ್‌ಸಿಕೆ ಮ್ಯಾನ್ಯುಯಲಿ" ಅಂತ ಬಂದು ಅದೇ ಪ್ರಾಂಪ್ಟ್ ಸಿಕ್ಕರೆ, ಪಾರ್ಟಿಶನ್ ಸಿಕ್ಕಿದೆ, ಫೈಲ್‌ಸಿಸ್ಟಂನಲ್ಲಿ ಏರುಪೇರಾಗಿದೆ. ಲಿನಕ್ಸಿನಲ್ಲಿ ಸಾಮಾನ್ಯವಾದ ಫೈಲ್‌ಸಿಸ್ಟಂ ಇಎಕ್ಸ್‌ಟಿ4ರಲ್ಲಿ ಜರ್ನಲ್ (ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಕೊಳ್ಳುವ ಜಾಗ) ಇರುವುದರಿಂದ ಒಂದು ಸಲ ಕರೆಂಟ್ ಹೋದದ್ದಕ್ಕೆ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಆಗಿದೆ ಅಂದರೆ ಡಿಸ್ಕಿನ ಮೇಲೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ.

ಹಾಗಾಗಿ ಫೈಲ್‌ಸಿಸ್ಟಂ ಪರೀಕ್ಷಿಸಿ ಸರಿಮಾಡುವ ಎಫ್‌ಎಸ್‌ಸಿಕೆ ಓಡಿಸುವ ಮೊದಲು "ಡಿಮೆಸ್ಜ್" ಕೊಟ್ಟು ಕರ್ನಲ್ ಬರೆದ ಸಾಲುಗಳನ್ನು ಓದಿ. "ಐ/ಓ ಎರರ್, ಡೆವ್ ಎಸ್‌ಡಿಎ, ಸೆಕ್ಟರ್" ಅಂತ ಮತ್ತೆ ಮತ್ತೆ ಇದ್ದರೆ ನಿಲ್ಲಿಸಿ. ಸಾಯುತ್ತಿರುವ ಡಿಸ್ಕಿನ ಮೇಲೆ ಎಫ್‌ಎಸ್‌ಸಿಕೆ ಓಡಿಸಿದರೆ ಉಳಿದದ್ದೂ ಹೋಗಬಹುದು. ಮಶೀನ್ ಆಫ್ ಮಾಡಿ, ಸಾಟಾ ಕೇಬಲ್ ಎರಡೂ ತುದಿ ಬಿಚ್ಚಿ ಸರಿಯಾಗಿ ಕೂರಿಸಿ. ಯಾರ್ಡಿನ ಅಂಗಡಿಗಳಲ್ಲಿ ಮೆಕ್ಕೆಜೋಳದ ದೂಳು ಕ್ಯಾಬಿನೆಟ್ ಒಳಗೆ ಪದರಗಟ್ಟಿರುತ್ತದೆ, ಅದನ್ನೂ ಊದಿಸಿ. ಆಮೇಲೆ ಲೈವ್ ಪೆನ್‌ಡ್ರೈವಿನಿಂದ (ಇನ್‌ಸ್ಟಾಲ್ ಮಾಡದೆ ನೇರ ಲಿನಕ್ಸ್ ಓಡಿಸುವಂಥದ್ದು) ಬೂಟ್ ಮಾಡಿ "ಸುಡೋ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ" ನೋಡಿ. ಆ ಪ್ರೋಗ್ರಾಂ ಲೈವ್‌ನಲ್ಲಿ ಇಲ್ಲದಿದ್ದರೆ ಸ್ಮಾರ್ಟ್‌ಮಾನ್‌ಟೂಲ್ಸ್ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಿ. "ಯುಡಿಎಂಎ ಸಿಆರ್‌ಸಿ ಎರರ್" ಸಂಖ್ಯೆ ಏರುತ್ತಿದ್ದರೆ ಕೇಬಲ್ ದೋಷ, ಹೊಸ ಕೇಬಲ್ ಹಾಕಿ. "ಕರೆಂಟ್ ಪೆಂಡಿಂಗ್ ಸೆಕ್ಟರ್" ಸೊನ್ನೆಗಿಂತ ಜಾಸ್ತಿ ಇದ್ದರೆ ಡಿಸ್ಕ್ ಓದಲಾಗದ ಜಾಗಗಳಿವೆ. ಆಗ ರಿಪೇರಿಯ ಮಾತು ಬಿಟ್ಟು, ಡಿಡಿರೆಸ್ಕ್ಯೂ ಬಳಸಿ ಇನ್ನೊಂದು ಡಿಸ್ಕಿಗೆ ಪೂರ್ತಿ ನಕಲು ತೆಗೆಯಿರಿ. ಎಫ್‌ಎಸ್‌ಸಿಕೆ ಏನಿದ್ದರೂ ಆ ನಕಲಿನ ಮೇಲೆ.

ಡಿಸ್ಕ್ ಚೆನ್ನಾಗಿದ್ದರೆ "ಎಫ್‌ಎಸ್‌ಸಿಕೆ -ವೈ /ಡೆವ್/ಎಸ್‌ಡಿಎ2". ಮೌಂಟ್ ಆಗಿರುವ ಪಾರ್ಟಿಶನ್ ಮೇಲೆ ಎಂದೂ ಓಡಿಸಬೇಡಿ. ಕೊನೆಯ ಮೌಂಟ್ ಸಮಯ ಭವಿಷ್ಯದಲ್ಲಿದೆ ಅನ್ನುವ ದೂರು ಬಂದರೆ ಮತ್ತೆ ಅದೇ ಸೆಲ್ಲಿನ ಕಥೆ, ಮೊದಲು ಗಡಿಯಾರ ಸರಿಮಾಡಿ. ಫೈಲ್‌ಸಿಸ್ಟಂನ ಮುಖ್ಯ ವಿವರ ಇರುವ ಸೂಪರ್‌ಬ್ಲಾಕ್ ಕೆಟ್ಟಿದೆ ಅಂದರೂ ಕೈಚೆಲ್ಲಬೇಡಿ. ಇಎಕ್ಸ್‌ಟಿ4 ಅದರ ನಕಲುಗಳನ್ನು ಬೇರೆ ಕಡೆ ಇಟ್ಟಿರುತ್ತದೆ. 4 ಕೆಬಿ ಬ್ಲಾಕಿನ ಫೈಲ್‌ಸಿಸ್ಟಂನಲ್ಲಿ ಮೊದಲ ನಕಲು ಸಾಮಾನ್ಯವಾಗಿ 32768ನೇ ಬ್ಲಾಕಿನಲ್ಲಿ: "ಇ2ಎಫ್‌ಎಸ್‌ಸಿಕೆ -ಬಿ 32768 /ಡೆವ್/ಎಸ್‌ಡಿಎ2".

ಪ್ಯಾನಿಕ್ ಸಾಲಿನಲ್ಲೇ (8,2) ಅಂತ ಬಂದಿದ್ದರೆ, ಕರ್ನಲ್ ಯಾವ ಯಾವ ಫೈಲ್‌ಸಿಸ್ಟಂ ಬಗೆ ಹಾಕಿ ನೋಡಿತು ಅನ್ನುವುದನ್ನು ಮೇಲೆ ಹುಡುಕಿ. ನಿಮ್ಮ ಬಗೆ ಆ ಪಟ್ಟಿಯಲ್ಲೇ ಇಲ್ಲದಿದ್ದರೆ ಅದರ ಡ್ರೈವರ್ ಕರ್ನಲ್ ಒಳಗಿಲ್ಲ. ಉಬುಂಟು ಕರ್ನಲ್‌ನಲ್ಲಿ ಇಎಕ್ಸ್‌ಟಿ4 ಒಳಗೇ ಇದೆ, ಡೆಬಿಯನ್‌ನಲ್ಲಿ ಅದು ಮಾಡ್ಯೂಲ್. ಸ್ವಂತ ಕರ್ನಲ್ ಕಟ್ಟುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಇನಿಟ್‌ರಾಮ್‌ಎಫ್‌ಎಸ್ ಬೇಡ ಅಂದರೆ ಡಿಸ್ಕ್ ಡ್ರೈವರ್ ಮತ್ತು ಫೈಲ್‌ಸಿಸ್ಟಂ ಎರಡಕ್ಕೂ ಕಾನ್ಫಿಗರೇಶನ್‌ನಲ್ಲಿ "ಎಂ" ಬದಲು "ವೈ" ಇರಬೇಕು, ರೂಟ್ ವಿಳಾಸ ಪಾರ್ಟ್‌ಯುಯುಐಡಿ (ಈ ಪದ ದೊಡ್ಡಕ್ಷರದಲ್ಲಿ) ಆಗಿರಬೇಕು. ಎಸ್‌ಡಿಎ, ಎಸ್‌ಡಿಬಿ ಹೆಸರುಗಳನ್ನು ನಂಬಬೇಡಿ. ಇನ್ನೊಂದು ಡಿಸ್ಕ್ ಸಿಕ್ಕಿಸಿದರೆ ಅವು ಅದಲುಬದಲಾಗುತ್ತವೆ.

ಲ್ಯಾಬುಗಳ ರಾಸ್ಪ್‌ಬೆರಿ ಪೈನಲ್ಲಿ (179,2) ಬಂದರೆ ಮೆಮೊರಿ ಕಾರ್ಡಿನ ಎರಡನೇ ಪಾರ್ಟಿಶನ್. ಬೋರ್ಡ್ ಶಟ್‌ಡೌನ್ ಮಾಡದೆ ವೈರ್ ಎಳೆಯುವ ಅಭ್ಯಾಸದಿಂದ ಕಾರ್ಡ್ ಕೆಡುತ್ತದೆ. ಕಾರ್ಡನ್ನು ಬೇರೆ ಲಿನಕ್ಸ್ ಮಶೀನಿಗೆ ಹಾಕಿ ಎಫ್‌ಎಸ್‌ಸಿಕೆ ಮಾಡಿ. ಅದರ ಸಿಎಂಡಿಲೈನ್.ಟಿಎಕ್ಸ್‌ಟಿ ಫೈಲ್ ಒಂದೇ ಸಾಲಿನಲ್ಲಿರಬೇಕು, ಅದರಲ್ಲಿ "ರೂಟ್‌ವೇಟ್" ಇರಬೇಕು. ಆ ಪದ ಹೋದರೆ ಕಾರ್ಡ್ ಏಳುವ ಮುಂಚೆಯೇ ಕರ್ನಲ್ ಹುಡುಕಿ ಸೋಲಬಹುದು.

ರೂಟ್ ಸಿಕ್ಕ ಮೇಲಿನ ದೋಷಗಳು

ಇವು ನೋಡಲು ಒಂದೇ ಥರ ಇರುತ್ತವೆ, ಗೊಂದಲ ಬೇಡ. "ನೋ ವರ್ಕಿಂಗ್ ಇನಿಟ್ ಫೌಂಡ್" ಅಂದರೆ ರೂಟ್ ಮೌಂಟ್ ಆಗಿದೆ, ಅದರಲ್ಲಿ /ಎಸ್‌ಬಿನ್/ಇನಿಟ್ ಸಿಕ್ಕಿಲ್ಲ ಅಥವಾ ಓಡಿಲ್ಲ. ಹೋಂ ಪಾರ್ಟಿಶನ್ನನ್ನೇ ರೂಟ್ ಅಂತ ಕೊಟ್ಟರೂ ಹೀಗೇ ಆಗುತ್ತದೆ. "ಅಟೆಂಪ್ಟೆಡ್ ಟು ಕಿಲ್ ಇನಿಟ್" ಜೊತೆ 0x00007f00 ಅಂತ ಬಂದರೆ ಇನಿಟ್‌ಗೆ ಬೇಕಾದ ಲೈಬ್ರರಿ ಸಿಕ್ಕಿಲ್ಲ, ಅರ್ಧಕ್ಕೆ ನಿಂತ ಅಪ್‌ಡೇಟ್ ಅಂತ ಊಹಿಸಬಹುದು. ಒಂದೂವರೆ ನಿಮಿಷ ಎಣಿಸುತ್ತಾ ಕಾದು ಎಮರ್ಜೆನ್ಸಿ ಮೋಡಿಗೆ ಬಿದ್ದರೆ ರೂಟ್ ಸರಿಯೇ ಇದೆ. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅಂತ ಬರೆದಿರುವ /ಇಟಿಸಿ/ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಇಲ್ಲದ ಡಿಸ್ಕಿನ ಹೆಸರು ಉಳಿದಿರಬಹುದು. ಆ ಸಾಲಿನ ಮುಂದೆ # ಹಾಕಿ.

ಹಳೇ ಕರ್ನಲ್ಲೂ ಏಳದಿದ್ದರೆ

ಆಗ ಲೈವ್ ಪೆನ್‌ಡ್ರೈವ್ ಬೇಕು. ಬೂಟ್ ಮಾಡಿ "ಎಲ್‌ಎಸ್‌ಬಿಎಲ್‌ಕೆ -ಎಫ್" ಕೊಟ್ಟು ರೂಟ್ ಪಾರ್ಟಿಶನ್ ಗುರುತಿಸಿ. "ಸುಡೋ ಮೌಂಟ್ /ಡೆವ್/ಎಸ್‌ಡಿಎ2 /ಎಂಎನ್‌ಟಿ" ಅಂದ ತಕ್ಷಣ ಫೈಲುಗಳು ಕಾಣುತ್ತವೆ. ಮುಖ್ಯವಾದದ್ದನ್ನೆಲ್ಲ ಈಗಲೇ ಹೊರಗಿನ ಡಿಸ್ಕಿಗೆ ತೆಗೆದುಕೊಳ್ಳಿ. ರಿಪೇರಿ ಆಮೇಲೆ.

/ಬೂಟ್ ಬೇರೆ ಪಾರ್ಟಿಶನ್ ಇದ್ದರೆ ಅದನ್ನು /ಎಂಎನ್‌ಟಿ/ಬೂಟ್ ಮೇಲೆ, ಯುಇಎಫ್‌ಐ ಪಾರ್ಟಿಶನ್ನನ್ನು /ಎಂಎನ್‌ಟಿ/ಬೂಟ್/ಇಎಫ್‌ಐ ಮೇಲೆ ಮೌಂಟ್ ಮಾಡಿ. ಇದನ್ನು ಮರೆತರೆ ಹೊಸ ಗಂಟು ಬೇರೆ ಜಾಗದಲ್ಲಿ ಬಿದ್ದಿರುತ್ತದೆ, ಮಶೀನ್ ಹಳೆಯದನ್ನೇ ಓದುತ್ತದೆ. ಮಾಡಿದ್ದೆಲ್ಲ ಸರಿ ಇದ್ದೂ ಏಳುತ್ತಿಲ್ಲ ಅನ್ನುವವರಲ್ಲಿ ನಾನು ಮೊದಲು ಕೇಳುವುದು ಇದನ್ನೇ. ನಂತರ /ಡೆವ್, /ಪ್ರಾಕ್, /ಸಿಸ್, /ರನ್ ನಾಲ್ಕನ್ನೂ "ಮೌಂಟ್ --ಬೈಂಡ್" ಮಾಡಿ /ಎಂಎನ್‌ಟಿ ಒಳಗೆ ಸೇರಿಸಿ. "ಸುಡೋ ಸಿಎಚ್‌ರೂಟ್ /ಎಂಎನ್‌ಟಿ" ಕೊಟ್ಟರೆ ನಿಮ್ಮದೇ ಸಿಸ್ಟಂ ಒಳಗಿರುತ್ತೀರಿ. ಅಲ್ಲಿ ಬಿಎಲ್‌ಕೆಐಡಿ ನೋಡಿ ಎಫ್‌ಎಸ್‌ಟ್ಯಾಬ್‌ನ ಯುಯುಐಡಿಗಳನ್ನು ಹೊಂದಿಸಿ. "ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್" ಕೊಡಿ, ಆಮೇಲೆ "ಅಪ್‌ಡೇಟ್-ಗ್ರಬ್". ಗಂಟಿನಲ್ಲಿ ಡ್ರೈವರ್ ಸೇರಿದೆಯಾ ಅಂತ "ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್" ಕಮಾಂಡಿಗೆ ಫೈಲಿನ ಹೆಸರು ಕೊಟ್ಟು, ಬರುವ ಪಟ್ಟಿಯಲ್ಲಿ ಎಎಚ್‌ಸಿಐ ಅಥವಾ ಎನ್‌ವಿಎಂಇ ಹುಡುಕಿ. ಆ ಡ್ರೈವರ್ ಕರ್ನಲ್ ಒಳಗೇ ಇರುವ ವಿತರಣೆಯಾದರೆ ಪಟ್ಟಿಯಲ್ಲಿ ಕಾಣುವುದಿಲ್ಲ, ಅದು ದೋಷವಲ್ಲ. ಎಲ್ಲ ಸರಿ ಅನಿಸಿದ ಮೇಲೆ "ಎಕ್ಸಿಟ್" ಕೊಟ್ಟು ಹೊರಬನ್ನಿ, ಮಾಡಿದ ಮೌಂಟುಗಳನ್ನು ಬಿಚ್ಚಿ, ಪೆನ್‌ಡ್ರೈವ್ ತೆಗೆದು ರೀಬೂಟ್ ಮಾಡಿ.

ಎದ್ದ ಮೇಲೆ "ಫೈಂಡ್‌ಎಂಎನ್‌ಟಿ /" ಕೊಡಿ. ರೂಟ್ ನೀವು ಅಂದುಕೊಂಡ ಪಾರ್ಟಿಶನ್ನಿನಲ್ಲೇ ಇರಬೇಕು, ಆಯ್ಕೆಗಳ ಪಟ್ಟಿಯಲ್ಲಿ "ಆರ್‌ಡಬ್ಲ್ಯೂ" (ಓದಲೂ ಬರೆಯಲೂ ಆಗುತ್ತದೆ ಅಂತ) ಕಾಣಬೇಕು. ಅಲ್ಲಿ "ಆರ್‌ಒ" (ಓದಲು ಮಾತ್ರ) ಇದ್ದರೆ ಫೈಲ್‌ಸಿಸ್ಟಂ ದೋಷ ಇನ್ನೂ ಹೋಗಿಲ್ಲ, ಡಿಮೆಸ್ಜ್ ಮತ್ತೆ ಓದಿ. ಆಮೇಲೆ ಮಶೀನನ್ನು ಪೂರ್ತಿ ಆಫ್ ಮಾಡಿ, ಪ್ಲಗ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಆನ್ ಮಾಡಿ. ಸೆಲ್ಲಿನ ದೋಷ ಬರೀ ರೀಬೂಟಿನಲ್ಲಿ ಕಾಣುವುದಿಲ್ಲ, ಪ್ಲಗ್ ತೆಗೆದಾಗಲೇ ಕಾಣುವುದು.